13 ಲೀಟರ್ ಟ್ಯಾಂಕಿನಲ್ಲಿ ದೀಪ ಹೊತ್ತಿದಾಗ ಉಳಿದಿರುವುದೆಷ್ಟು? ಪೆಟ್ರೋಲ್ ಯಾವಾಗ ಹಾಕಿಸಬೇಕು?

ಹಾಸನದ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 2022ರಲ್ಲಿ ಕೊಂಡ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಟ್ಯಾಂಕಿನ ಸಾಮರ್ಥ್ಯ 13 ಲೀಟರ್ ಎಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಕಳೆದ ಭಾನುವಾರ ತಮ್ಮನನ್ನು ಹಿಂದೆ ಕೂರಿಸಿಕೊಂಡು ಸಕಲೇಶಪುರದಿಂದ ಬಿಸಿಲೆ ಘಾಟಿಯ ಮಾರ್ಗವಾಗಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟಿದ್ದೆ. ಸಕಲೇಶಪುರ ಬಿಟ್ಟು ಐದಾರು ಕಿಲೋಮೀಟರ್ ಆಗಿತ್ತೋ ಇಲ್ಲವೋ, ಪೆಟ್ರೋಲ್ ಕಡಿಮೆಯಾಗಿದೆ ಎಂಬ ದೀಪ ಹೊತ್ತಿಕೊಂಡಿತು. ಹಿಂದಿನ ಸಲ ಟ್ಯಾಂಕ್ ತುಂಬಿಸಿದಾಗ ಸೊನ್ನೆ ಮಾಡಿದ್ದ ಟ್ರಿಪ್ ಮೀಟರಿನಲ್ಲಿ ಆಗ 306 ಕಿಲೋಮೀಟರ್ ಇತ್ತು. ಹಿಂದಿರುಗಿ ಹಾಕಿಸಿಕೊಂಡು ಬರೋಣ ಎಂದರೆ ತಮ್ಮ ಕೇಳಲಿಲ್ಲ. "ರಿಸರ್ವ್ ಇದ್ದೇ ಇರುತ್ತದೆ, ನಡೆ" ಎಂದ. ನಡೆದೆವು.

ಘಾಟಿಯ ಕಾಡಿನೊಳಗೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ಎದುರಿಗೆ ಬರುವ ವಾಹನಗಳೂ ಅಪರೂಪ. ಆ ದಾರಿಯ ಸೊಬಗಿನಲ್ಲಿ ಒಂದನ್ನೂ ನಾನು ಸರಿಯಾಗಿ ನೋಡಲಿಲ್ಲ. ಕಣ್ಣೆಲ್ಲ ಆ ದೀಪದ ಮೇಲೆಯೇ ಇತ್ತು. ಇಳಿಜಾರಿನಲ್ಲಿ ಎಂಜಿನ್ ಆರಿಸಿ, ನ್ಯೂಟ್ರಲ್‌ಗೆ ಹಾಕಿ ಇಳಿದೆ ಎಂಬುದನ್ನೂ ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಸುಬ್ರಹ್ಮಣ್ಯದ ಬಂಕ್ ತಲುಪಿದಾಗ ಟ್ರಿಪ್ ಮೀಟರ್ 365 ತೋರಿಸುತ್ತಿತ್ತು. ಟ್ಯಾಂಕ್ ತುಂಬಿಸಿದಾಗ ಹಿಡಿದದ್ದು 11.2 ಲೀಟರ್.

ನನ್ನ ಸಂದೇಹಗಳು ಇವು. ಆ ದೀಪ ಹೊತ್ತಿದಾಗ ಟ್ಯಾಂಕಿನಲ್ಲಿ ನಿಜವಾಗಿ ಎಷ್ಟಿತ್ತು? ಶೋರೂಮಿನಲ್ಲಿ ಒಬ್ಬರು ರಿಸರ್ವ್ ಈ 13 ಲೀಟರಿನ ಹೊರಗೆ ಪ್ರತ್ಯೇಕವಾಗಿದೆ ಎಂದಿದ್ದರು, ಅದು ಸರಿಯೇ? ಹಾಗಾದರೆ ದೂರದ ದಾರಿಯಲ್ಲಿ ಯಾವಾಗ ಪೆಟ್ರೋಲ್ ಹಾಕಿಸಬೇಕು?

ತರೀಕೆರೆ ಗ್ಯಾರೇಜ್

ಮೊದಲು ಬೈಯಬೇಕಾದದ್ದನ್ನು ಬೈದುಬಿಡುತ್ತೇನೆ. ಘಾಟಿ ಇಳಿಯುವಾಗ ಎಂಜಿನ್ ಆರಿಸಬೇಡಿ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಇಬ್ಬರ ಭಾರವೂ ಬ್ರೇಕಿನ ಮೇಲೆಯೇ ಬೀಳುತ್ತದೆ. ಅಷ್ಟಕ್ಕೂ ನಿಮ್ಮದು ಫ್ಯೂಯೆಲ್ ಇಂಜೆಕ್ಷನ್ ಗಾಡಿ, ಅಂದರೆ ಇಂಜೆಕ್ಟರ್ ಎಂಬ ಭಾಗ ಪೆಟ್ರೋಲನ್ನು ಅಳೆದು ಎಂಜಿನ್ನಿಗೆ ಚಿಮ್ಮಿಸುವಂಥದ್ದು. ಆ್ಯಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯುವಾಗ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ನೀವು ಉಳಿಸಲು ಹೊರಟದ್ದನ್ನು ಗಾಡಿ ತಾನಾಗಿಯೇ ಉಳಿಸುತ್ತಿತ್ತು.

ಈಗ ರಿಸರ್ವ್ ವಿಷಯ. ಅದು ಪ್ರತ್ಯೇಕ ಟ್ಯಾಂಕ್ ಅಲ್ಲ, ಹಿಂದೆಯೂ ಆಗಿರಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇದ್ದ ಹಳೆಯ ಗಾಡಿಗಳಲ್ಲಿ ಟ್ಯಾಂಕಿನ ಕೆಳಗೆ ಪೆಟ್ರೋಲ್ ಕಾಕ್, ಅಂದರೆ ನಲ್ಲಿ, ಇರುತ್ತಿತ್ತಲ್ಲ, ಅದನ್ನು ಬಿಚ್ಚಿ ನೋಡಿದವರಿಗೆ ಗೊತ್ತಿರುತ್ತದೆ: ಒಳಗೆ ಒಂದು ಎತ್ತರದ ಕೊಳವೆ, ಬುಡದಲ್ಲಿ ಒಂದು ರಂಧ್ರ. ಕಾಕ್ 'ಆನ್' ಸ್ಥಾನದಲ್ಲಿದ್ದರೆ ಪೆಟ್ರೋಲ್ ಎತ್ತರದ ಕೊಳವೆಯಿಂದ ಇಳಿಯುತ್ತದೆ. ಮಟ್ಟ ಆ ಕೊಳವೆಯ ಬಾಯಿಗಿಂತ ಕೆಳಗಾದಾಗ ಎಂಜಿನ್ ಕೊಸರಾಡುತ್ತದೆ. ಆಗ 'ರಿಸರ್ವ್'ಗೆ ತಿರುಗಿಸಿದರೆ ಬುಡದ ರಂಧ್ರ ತೆರೆದುಕೊಂಡು ಉಳಿದದ್ದು ಹರಿಯುತ್ತದೆ. ಇದ್ದದ್ದು ಒಂದೇ ಪೆಟ್ರೋಲ್, ಒಂದೇ ಟ್ಯಾಂಕ್, ಎರಡು ಎತ್ತರ, ಅಷ್ಟೇ.

2020ರ ಏಪ್ರಿಲ್ 1ರಿಂದ ಬಿಎಸ್ 6 ಎಂಬ ಹೊಗೆ ಮಾಲಿನ್ಯದ ನಿಯಮ ಬಂದ ಮೇಲೆ ಹೊಸ ಗಾಡಿಗಳೆಲ್ಲ ಬಹುತೇಕ ಇಂಜೆಕ್ಷನ್‌ಗೆ ಬದಲಾದವು, ಕಾಕ್ ಮಾಯವಾಯಿತು. ಈಗ ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇದೆ, ಪಕ್ಕದಲ್ಲಿ ಮಟ್ಟ ಅಳೆಯುವ ತೇಲುಬುಂಡೆ ಇದೆ. ಬುಂಡೆ ಒಂದು ಮಟ್ಟಕ್ಕೆ ಇಳಿದಾಗ ದೀಪ ಹೊತ್ತುತ್ತದೆ. ಹಳೆಯ ಕಾಲದ ರಿಸರ್ವ್ ಎಂಜಿನ್ನನ್ನು ನಿಲ್ಲಿಸಿ ನಿಮ್ಮನ್ನು ಎಚ್ಚರಿಸುತ್ತಿತ್ತು. ಈಗಿನದು ಕಣ್ಣಿಗೆ ಮಾತ್ರ ಹೇಳುತ್ತದೆ, ಕೇಳದಿದ್ದರೆ ಎರಡನೆಯ ಅವಕಾಶವಿಲ್ಲ. ನಿಮ್ಮ 13 ಲೀಟರಿನಲ್ಲಿ ಎಲ್ಲವೂ ಸೇರಿದೆ.

ಲೆಕ್ಕದ ಮೇಷ್ಟ್ರು

ನೀವು ಕೊಟ್ಟ ಅಂಕಿಗಳಿಂದಲೇ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. 365 ಕಿಲೋಮೀಟರಿಗೆ 11.2 ಲೀಟರ್ ಎಂದರೆ ಲೀಟರಿಗೆ 32.6 ಕಿಲೋಮೀಟರ್. ಈ ಸರಾಸರಿಯಲ್ಲಿ ಮೊದಲ 306 ಕಿಲೋಮೀಟರಿಗೆ ಖರ್ಚಾದದ್ದು ಸುಮಾರು 9.4 ಲೀಟರ್. 13ರಲ್ಲಿ 9.4 ಕಳೆದರೆ ದೀಪ ಹೊತ್ತಿದಾಗ 3.6 ಲೀಟರ್ ಇತ್ತು. ಸುಬ್ರಹ್ಮಣ್ಯ ತಲುಪಿದಾಗಲೂ 1.8 ಲೀಟರ್ ಉಳಿದಿತ್ತು. ನೀವು ಅಷ್ಟು ಹೆದರಬೇಕಾಗಿರಲಿಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ಸಣ್ಣ ಮೋಸವಿದೆ. ಕೊನೆಯ 59 ಕಿಲೋಮೀಟರಿನಲ್ಲಿ ಒಂದು ಭಾಗವನ್ನು ನೀವು ಎಂಜಿನ್ ಆರಿಸಿಯೇ ಇಳಿದಿದ್ದೀರಿ, ಆದ್ದರಿಂದ ಆ ಭಾಗದಲ್ಲಿ ಸರಾಸರಿಗಿಂತ ಕಡಿಮೆ ಪೆಟ್ರೋಲ್ ಹೋಗಿದೆ. ಹಾಗಿದ್ದ ಮೇಲೆ ಮೊದಲ 306 ಕಿಲೋಮೀಟರಿನಲ್ಲಿ ಸರಾಸರಿಗಿಂತ ಹೆಚ್ಚು ಹೋಗಿರಲೇಬೇಕು. ಅಂದರೆ ದೀಪ ಹೊತ್ತಿದಾಗ ಇದ್ದದ್ದು 3.6ಕ್ಕಿಂತ ತುಸು ಕಡಿಮೆಯೇ. ಸರಿಯಾದ ಉತ್ತರ ಬೇಕಾದರೆ ದೀಪ ಹೊತ್ತಿದ ಕೂಡಲೇ ಹತ್ತಿರದ ಬಂಕಿಗೆ ಹೋಗಿ ತುಂಬಿಸಿ, ಎಷ್ಟು ಹಿಡಿಯಿತೆಂದು ಬರೆದುಕೊಳ್ಳಿ. ಮೊದಲು ತುಂಬಿಸುವಾಗಲೂ ದೀಪ ಹೊತ್ತಿದ ಮೇಲೆ ತುಂಬಿಸುವಾಗಲೂ ಗಾಡಿ ಡಬಲ್ ಸ್ಟ್ಯಾಂಡಿನ ಮೇಲಿರಲಿ, ಎರಡು ಬಾರಿಯೂ ಒಂದೇ ಮಟ್ಟಕ್ಕೆ ತುಂಬಲಿ. ಸೈಡ್ ಸ್ಟ್ಯಾಂಡಿನಲ್ಲಿ ಒಮ್ಮೆ, ನೇರ ನಿಲ್ಲಿಸಿ ಒಮ್ಮೆ ತುಂಬಿಸಿದರೆ ಅರ್ಧ ಲೀಟರಿನವರೆಗೂ ವ್ಯತ್ಯಾಸ ಬರುವುದನ್ನು ನನ್ನ ಗಾಡಿಯಲ್ಲೇ ನೋಡಿದ್ದೇನೆ.

ಡೆಲಿವರಿ ಹುಡುಗ

ಸರ್, ನಿಮ್ಮ ಲೆಕ್ಕವೆಲ್ಲ ಚೆನ್ನಾಗಿದೆ, ಆದರೆ ಅದು ಟ್ಯಾಂಕ್ ತುಂಬಿಸುವವರ ಲೆಕ್ಕ. ನಾನು ಬೆಂಗಳೂರಿನಲ್ಲಿ ಆ್ಯಕ್ಟಿವಾದಲ್ಲಿ ಡೆಲಿವರಿ ಮಾಡುವವನು. ಟ್ಯಾಂಕ್ 5.3 ಲೀಟರ್, ಅದನ್ನು ಪೂರ್ತಿ ತುಂಬಿಸಿದ್ದು ವರ್ಷದಲ್ಲಿ ಎರಡು ಬಾರಿ ಇರಬಹುದು. ಲೀಟರಿಗೆ 100 ರೂಪಾಯಿ ದಾಟಿದ ಮೇಲೆ ದಿನಾ 200 ರೂಪಾಯಿಗೆ ಹಾಕಿಸುತ್ತೇನೆ, ಅದರಲ್ಲಿ ಎಂಬತ್ತು ತೊಂಬತ್ತು ಕಿಲೋಮೀಟರ್ ಓಡುತ್ತದೆ, ರಾತ್ರಿ ಮನೆಗೆ ಬರುವಾಗ ಮುಳ್ಳು ಮತ್ತೆ ಕೆಂಪಿನಲ್ಲಿರುತ್ತದೆ. ಮರುದಿನದ ಪೆಟ್ರೋಲಿಗೆ ಮರುದಿನದ ದುಡಿಮೆ. ಹೀಗೆ ಯಾವಾಗಲೂ ತಳದಲ್ಲೇ ಓಡಿಸುವುದರಿಂದ ಗಾಡಿಗೆ ನಿಜವಾಗಿ ತೊಂದರೆಯಾಗುತ್ತದೆಯೇ? ತಳದ ಕಸ ಎಳೆದುಕೊಳ್ಳುತ್ತದೆ, ಪಂಪ್ ಸುಟ್ಟುಹೋಗುತ್ತದೆ ಎಂದೆಲ್ಲ ಹೆದರಿಸುತ್ತಾರೆ.

ತರೀಕೆರೆ ಗ್ಯಾರೇಜ್

ತಮ್ಮಾ, ಕಸದ ಮಾತನ್ನು ಅರ್ಧ ಬಿಟ್ಟುಬಿಡಿ. ಪಂಪ್ ಪೆಟ್ರೋಲ್ ಎಳೆಯುವುದು ಟ್ಯಾಂಕಿನ ತಳದಿಂದಲೇ. ಟ್ಯಾಂಕ್ ತುಂಬಿದ್ದರೂ ತಳದಿಂದಲೇ, ಖಾಲಿಯಾಗುತ್ತಿದ್ದರೂ ತಳದಿಂದಲೇ. ಮೇಲಿನಿಂದ ಕೆನೆ ತೆಗೆದ ಹಾಗೆ ಎಳೆಯುವ ಪಂಪ್ ಯಾವುದೂ ಇಲ್ಲ. ಕಸ ಇದ್ದರೆ ಪಂಪಿನ ಬಾಯಿಯ ಜಾಲರಿ ಅದನ್ನು ತಡೆಯುತ್ತದೆ.

ಪಂಪಿನ ಮಾತು ಮಾತ್ರ ನಿಜ. ಅದು ಪೆಟ್ರೋಲಿನೊಳಗೇ ಮುಳುಗಿರುವ ಮೋಟಾರ್. ಅದನ್ನು ತಂಪಾಗಿಡುವುದೂ ಅದರ ಒಳಭಾಗಗಳಿಗೆ ಜಾರುವಿಕೆ ಕೊಡುವುದೂ ಪೆಟ್ರೋಲೇ. ಕಡಿಮೆ ಪೆಟ್ರೋಲಿನಲ್ಲಿ ಓಡಿದ ಮಾತ್ರಕ್ಕೆ ಸುಡುವುದಿಲ್ಲ, ಏಕೆಂದರೆ ಒಳಗೆ ಹರಿಯುವ ಪೆಟ್ರೋಲ್ ಅದನ್ನು ತಂಪು ಮಾಡುತ್ತಲೇ ಇರುತ್ತದೆ. ತೊಂದರೆ ಇರುವುದು ಪೂರ್ತಿ ಬರಿದಾಗಿ, ಗಾಳಿ ಎಳೆದು, ಮೋಟಾರ್ ಒಣಗಿ ತಿರುಗುವಾಗ. ಅದು ಮತ್ತೆ ಮತ್ತೆ ಆದರೆ ಆಯಸ್ಸು ಕಡಿಮೆಯಾಗುತ್ತದೆ, ಪಂಪ್ ಜೋಡಣೆಯ ಬೆಲೆ ಸಾವಿರಗಳಲ್ಲಿದೆ. ಆದ್ದರಿಂದ 200 ರೂಪಾಯಿಗೆ ಹಾಕಿಸಿ, ಚಿಂತೆಯಿಲ್ಲ. ರಾತ್ರಿ ಮನೆಗೆ ಬರುವ ಮುನ್ನ ಹಾಕಿಸುವ ಅಭ್ಯಾಸ ಮಾಡಿಕೊಳ್ಳಿ, ಬೆಳಿಗ್ಗೆ ಮೊದಲ ಆರ್ಡರಿನ ಅವಸರದಲ್ಲಿ ಬಂಕ್ ಹುಡುಕುವುದು ತಪ್ಪುತ್ತದೆ.

ಪೂರ್ತಿ ಬರಿದಾಗಿ ನಿಂತೇಹೋದರೆ ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಹಾಕಿದ ಕೂಡಲೇ ಸೆಲ್ಫ್ ಒತ್ತಬೇಡಿ. ಕೀಲಿ ಆನ್ ಮಾಡಿ, ಪಂಪಿನ 'ಝೂಂ' ಸದ್ದು ನಿಲ್ಲುವವರೆಗೆ ಕಾದು, ಆಫ್ ಮಾಡಿ. ಎರಡು ಮೂರು ಬಾರಿ ಹೀಗೆ ಮಾಡಿದರೆ ಪೈಪಿನಲ್ಲಿ ಒತ್ತಡ ತುಂಬುತ್ತದೆ, ಆಮೇಲೆ ಒತ್ತಿ. ಬ್ಯಾಟರಿ ಉಳಿಯುತ್ತದೆ.

ಮೈಸೂರು ಯೆಜ್ಡಿ

ಕಾಕಿನ ಹೆಸರು ಕೇಳಿ ಸುಮ್ಮನಿರಲಾಗಲಿಲ್ಲ. ನಮ್ಮೂರಿನಲ್ಲೇ, ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಬೈಕನ್ನು ನಾನು ಇಂದಿಗೂ ಓಡಿಸುತ್ತಿದ್ದೇನೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಮುಚ್ಚಲಿಲ್ಲ. ಪೆಟ್ರೋಲ್ ಮುಳ್ಳು, ದೀಪ ಯಾವುದೂ ನನ್ನ ಗಾಡಿಯಲ್ಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಗಾಡಿಯನ್ನು ಅಲ್ಲಾಡಿಸಿ ಒಳಗಿನ ಸದ್ದು ಕೇಳುವುದೇ ನಮ್ಮ ಮೀಟರ್. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಎಣ್ಣೆಯನ್ನೂ ಬೆರೆಸಬೇಕು. ಅಂದಾಜಿನಲ್ಲಿ ಪೆಟ್ರೋಲ್ ಹಾಕಿಸಿದರೆ ಎಣ್ಣೆಯ ಪ್ರಮಾಣವೂ ತಪ್ಪುತ್ತದೆ. ಹೀಗಾಗಿ ನಾವು ಯಾವಾಗಲೂ ಲೀಟರ್ ಲೆಕ್ಕದಲ್ಲೇ ಹಾಕಿಸುತ್ತಿದ್ದೆವು, ರೂಪಾಯಿ ಲೆಕ್ಕದಲ್ಲಿ ಅಲ್ಲ.

ಕಾಕ್ ಇರುವವರು ಮಾಡುವ ದೊಡ್ಡ ತಪ್ಪನ್ನು ಹೇಳುತ್ತೇನೆ, ನಾನೇ ಮಾಡಿದ್ದು. ರಿಸರ್ವ್‌ಗೆ ತಿರುಗಿಸಿ ಬಂಕಿಗೆ ಹೋಗಿ ತುಂಬಿಸಿದ ಮೇಲೆ ಕಾಕನ್ನು ಮತ್ತೆ ಆನ್‌ಗೆ ತಿರುಗಿಸುವುದನ್ನು ಮರೆತೆ. ಮುಂದಿನ ವಾರ ನಂಜನಗೂಡಿನ ದಾರಿಯಲ್ಲಿ ಗಾಡಿ ಕೊಸರಿ ನಿಂತಾಗ ಆತ್ಮವಿಶ್ವಾಸದಿಂದ ಕೈ ಕೆಳಗೆ ಹಾಕಿದರೆ ಕಾಕ್ ಆಗಲೇ ರಿಸರ್ವಿನಲ್ಲಿದೆ! ಅಂಥ ಹೊತ್ತಿನಲ್ಲಿ ಇನ್ನೊಂದು ಉಪಾಯವಿದೆ. ಬೈಕಿನ ಟ್ಯಾಂಕ್ ಕುದುರೆಯ ಜೀನಿನಂತೆ ನಡುವಿನ ಚಾಸಿಯ ಎರಡೂ ಪಕ್ಕಕ್ಕೆ ಇಳಿಬಿದ್ದಿರುತ್ತದೆ. ಕಾಕ್ ಇರುವುದು ಒಂದೇ ಪಕ್ಕದಲ್ಲಿ, ಹೆಚ್ಚಾಗಿ ಎಡಗಡೆ. ಬಲಗಡೆಯ ಜೋಳಿಗೆಯಲ್ಲಿ ಉಳಿದದ್ದು ನಡುವಿನ ದಿಬ್ಬ ದಾಟಿ ಬರಲಾರದು. ಗಾಡಿಯನ್ನು ಕಾಕಿನ ಕಡೆಗೆ ಚೆನ್ನಾಗಿ ವಾಲಿಸಿದರೆ ಅದು ಈಚೆ ಸುರಿಯುತ್ತದೆ, ಇನ್ನೂ ಎರಡು ಮೂರು ಕಿಲೋಮೀಟರ್ ಸಿಗುತ್ತದೆ. ನಂಜನಗೂಡು ತಲುಪಿದ್ದು ಹಾಗೆಯೇ.

ಇದೇ ಕಾರಣಕ್ಕೆ ಪುಸ್ತಕದ 13 ಲೀಟರ್ ಪೂರ್ತಿಯಾಗಿ ನಿಮ್ಮ ಕೈಗೆ ಬರುತ್ತದೆಂದು ಎಣಿಸಬೇಡಿ ಎಂದು ಹಾಸನದವರಿಗೆ ಹೇಳಲೇ ಈ ಪುರಾಣ.

ಬಂಕ್ ಕ್ಯಾಷಿಯರ್

ನಾನು ಹೆದ್ದಾರಿಯ ಬಂಕೊಂದರಲ್ಲಿ ಕೆಲಸ ಮಾಡುತ್ತೇನೆ. "13 ಲೀಟರಿನ ಟ್ಯಾಂಕಿಗೆ 13.6 ಲೀಟರ್ ಹಾಕಿದ್ದೀರಿ, ಮೀಟರಿನಲ್ಲಿ ಮೋಸ" ಎಂಬ ಜಗಳ ನಮಗೆ ತಿಂಗಳಿಗೊಮ್ಮೆಯಾದರೂ ಇದ್ದೇ ಇದೆ. ಮೋಸ ಎಲ್ಲೂ ನಡೆಯುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಹೆಚ್ಚಿನ ಜಗಳಗಳಿಗೆ ಕಾರಣ ಬೇರೆ. ಕಂಪನಿ ಹೇಳುವ ಸಾಮರ್ಥ್ಯದಲ್ಲಿ ಪೆಟ್ರೋಲ್ ಹಿಗ್ಗಲು ಬಿಟ್ಟಿರುವ ಜಾಗ ಸೇರಿರುವುದಿಲ್ಲ. ಮುಚ್ಚಳದ ಕೆಳಗೆ ಒಂದು ಕತ್ತು ಇಳಿದಿರುತ್ತದೆ, ಅದರ ಬುಡಕ್ಕೆ ಪೆಟ್ರೋಲ್ ತಾಗಿದರೆ ಟ್ಯಾಂಕ್ ತುಂಬಿದಂತೆ. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂದು ಬಾಯಿಯವರೆಗೆ ಹಾಕಿಸಿಕೊಂಡರೆ ಅರ್ಧ ಲೀಟರ್ ಹೆಚ್ಚು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಆ ಜಾಗವನ್ನು ಸುಮ್ಮನೆ ಬಿಟ್ಟಿಲ್ಲ. ನೆಲದಡಿಯ ತಂಪು ಪೆಟ್ರೋಲ್ ನಿಮ್ಮ ಟ್ಯಾಂಕಿಗೆ ಬಂದು ಬಿಸಿಲಿನಲ್ಲಿ 20 ಡಿಗ್ರಿಯಷ್ಟು ಕಾದರೆ ಶೇಕಡಾ 2ರ ಹತ್ತಿರ ಹಿಗ್ಗುತ್ತದೆ, ಅಂದರೆ 13 ಲೀಟರಿಗೆ ಕಾಲು ಲೀಟರ್. ಹೋಗಲು ಜಾಗವಿಲ್ಲದಿದ್ದರೆ ಮುಚ್ಚಳದ ಸಂದಿಯಿಂದ ಟ್ಯಾಂಕಿನ ಮೇಲೆ ಹರಿಯುತ್ತದೆ. ಹೊಸ ಗಾಡಿಗಳಲ್ಲಿ ಪೆಟ್ರೋಲಿನ ಆವಿ ಹಿಡಿಯಲು ಇಟ್ಟಿರುವ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸುತ್ತದೆ. ಬೇಸಿಗೆ ಬಂತೆಂದರೆ "ಟ್ಯಾಂಕ್ ತುಂಬಿಸಬೇಡಿ, ಸಿಡಿಯುತ್ತದೆ" ಎಂಬ ವಾಟ್ಸ್ಆ್ಯಪ್ ಸಂದೇಶ ಇಂಡಿಯನ್ ಆಯಿಲ್ ಹೆಸರಿನಲ್ಲಿ ಪ್ರತಿವರ್ಷ ಹರಿದಾಡುತ್ತದೆ. ಆ ಸಂಸ್ಥೆಯೇ ಅದನ್ನು ಸುಳ್ಳೆಂದು ಹೇಳಿದೆ. ಕತ್ತಿನ ಬುಡದವರೆಗೆ ತುಂಬಿಸಿದರೆ ಯಾವ ಬೇಸಿಗೆಯಲ್ಲೂ ಏನೂ ಆಗುವುದಿಲ್ಲ.

ಬೆಳಗಿನ ಜಾವ ಹಾಕಿಸಿದರೆ ಹೆಚ್ಚು ಸಿಗುತ್ತದೆ ಎಂಬುದೂ ಅಂಥದೇ ಮಾತು. ನೆಲದಡಿಯ ಟ್ಯಾಂಕಿನ ಉಷ್ಣತೆ ಹಗಲು ರಾತ್ರಿಗೆ ಅಷ್ಟೇನೂ ಬದಲಾಗುವುದಿಲ್ಲ. 100 ರೂಪಾಯಿಯ ಬದಲು 110ಕ್ಕೆ ಹಾಕಿಸಿದರೆ ಮೋಸ ತಪ್ಪುತ್ತದೆ ಎನ್ನುವವರಿಗೂ ನನ್ನ ಉತ್ತರ ಅಷ್ಟೇ: ಮೀಟರ್ ಅಳೆಯುವುದು ಪ್ರಮಾಣವನ್ನು, ನಿಮ್ಮ ನೋಟನ್ನಲ್ಲ. ಅನುಮಾನ ಬಂದರೆ 5 ಲೀಟರಿನ ಅಳತೆ ಪಾತ್ರೆ ಕೇಳಿ. ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ ಆ ಪಾತ್ರೆಯನ್ನು ಪ್ರತಿ ಬಂಕಿನಲ್ಲೂ ಇಟ್ಟಿರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆಯಾಗುವಂತಿಲ್ಲ. ನಾವು "ಝೀರೋ ನೋಡಿ ಸರ್" ಎಂದಾಗ ದಯವಿಟ್ಟು ಮೊಬೈಲಿನಿಂದ ತಲೆ ಎತ್ತಿ ನೋಡಿ.

ಹಾಸನದ ಸವಾರ

ಎಲ್ಲರಿಗೂ ಧನ್ಯವಾದ. ಟ್ಯಾಂಕಿನ ಆಕಾರದ ಬಗ್ಗೆ ಯೆಜ್ಡಿ ಹಿರಿಯರು ಹೇಳಿದ ಮೇಲೆ ನನ್ನ ಇನ್ನೊಂದು ಸಂದೇಹಕ್ಕೂ ಉತ್ತರ ಸಿಕ್ಕಂತಾಯಿತು. ನನ್ನ ಮೀಟರಿನ ಮೊದಲ ಗೆರೆ ಅಳಿಯಲು ನೂರು ಕಿಲೋಮೀಟರಿಗೂ ಹೆಚ್ಚು ಬೇಕು, ಆಮೇಲಿನ ಗೆರೆಗಳು ಬಡಬಡನೆ ಅಳಿಯುತ್ತವೆ. ಮೇಲ್ಭಾಗ ಅಗಲ, ಕೆಳಭಾಗ ಎರಡು ಕಿರಿದಾದ ಜೋಳಿಗೆ ಎಂದಾದರೆ ಹಾಗೆ ಆಗಲೇಬೇಕಲ್ಲವೇ?

ಲೆಕ್ಕದ ಮೇಷ್ಟ್ರು

ಸರಿಯಾಗಿ ಗ್ರಹಿಸಿದಿರಿ. ತೇಲುಬುಂಡೆ ಅಳೆಯುವುದು ಎತ್ತರವನ್ನು, ನಮಗೆ ಬೇಕಾಗಿರುವುದು ಗಾತ್ರ. ಜೊತೆಗೆ ಟ್ಯಾಂಕ್ ತುಂಬಿದಾಗ ಬುಂಡೆ ಒಳಚಾವಣಿಗೆ ತಾಗಿ ನಿಂತಿರುತ್ತದೆ. ಅದರ ಮೇಲಿನ ಪೆಟ್ರೋಲ್ ಕಡಿಮೆಯಾಗುವುದು ಮೀಟರಿಗೆ ಗೊತ್ತಾಗುವುದೇ ಇಲ್ಲ. ಘಾಟಿ ಏರುವಾಗ ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ, ಇಳಿಯುವಾಗ ಮುಂದಕ್ಕೆ. ಏರಿನಲ್ಲಿ ಹೊತ್ತಿದ ದೀಪ ಸಮತಟ್ಟಿನಲ್ಲಿ ಆರುವುದುಂಟು. ಆದ್ದರಿಂದ ದೂರದ ದಾರಿಯಲ್ಲಿ ನಾನು ನಂಬುವುದು ಟ್ರಿಪ್ ಮೀಟರನ್ನು, ಗೆರೆಗಳನ್ನಲ್ಲ. ಪ್ರತಿ ಬಾರಿ ತುಂಬಿಸಿದಾಗ ಸೊನ್ನೆಗೆ ತರುವುದನ್ನು ಮರೆಯದಿದ್ದರೆ ಸಾಕು.

ಸ್ಪ್ಲೆಂಡರ್ ಸಂಗಾತಿ

ಇಷ್ಟೊಂದು ತಲೆ ಕೆಡಿಸಿಕೊಳ್ಳುವುದನ್ನು ನೋಡಿದರೆ ನಗು ಬರುತ್ತದೆ. ನನ್ನ ಸ್ಪ್ಲೆಂಡರಿಗೆ 9.8 ಲೀಟರ್ ಟ್ಯಾಂಕ್, ಲೀಟರಿಗೆ 60ರ ಮೇಲೆ ಕೊಡುತ್ತದೆ. ಒಮ್ಮೆ ತುಂಬಿಸಿದರೆ ಸುಮಾರು 580 ಕಿಲೋಮೀಟರ್. ನಿಮ್ಮ 13 ಲೀಟರಿಗಿಂತ ನನ್ನ 9.8 ಲೀಟರ್ ದೂರ ಹೋಗುತ್ತದೆ.

ಗುಂಡ್ಲುಪೇಟೆ ಗಾಳಿ

ಸ್ಪ್ಲೆಂಡರಿನವರು ನಗುತ್ತಲೇ ಮುಖ್ಯವಾದ ಮಾತು ಹೇಳಿದ್ದಾರೆ. ಟ್ಯಾಂಕಿನ ಲೀಟರ್ ಒಂದೇ ನೋಡಿ ಪ್ರಯೋಜನವಿಲ್ಲ, ಅದನ್ನು ಮೈಲೇಜಿನಿಂದ ಗುಣಿಸಿದಾಗ ಬರುವ ದೂರವೇ ಲೆಕ್ಕಕ್ಕೆ ಬರುವುದು. ನಮ್ಮ ಊರಿನಲ್ಲಿ ಇದು ದಿನನಿತ್ಯದ ದೃಶ್ಯ. ಬೆಂಗಳೂರಿನಿಂದ ಊಟಿಗೆ ಹೊರಟವರು ಗುಂಡ್ಲುಪೇಟೆಯ ಬಂಕುಗಳನ್ನು ನೋಡಿಯೂ "ಇನ್ನೂ ಎರಡು ಗೆರೆ ಇದೆ" ಎಂದು ಮುಂದಕ್ಕೆ ಹೋಗುತ್ತಾರೆ. ಅಲ್ಲಿಂದಾಚೆಗೆ ಬಂಡೀಪುರದ ಕಾಡು, ಗಡಿ ದಾಟಿದರೆ ಮುದುಮಲೆಯ ಕಾಡು, ಮಸಿನಗುಡಿಯ ದಾರಿ ಹಿಡಿದರೆ ಕಲ್ಲಟ್ಟಿಯ 36 ಹೇರ್‌ಪಿನ್ ತಿರುವುಗಳ ಕಡಿದಾದ ಏರು. ಆ ಏರಿನಲ್ಲಿ ಮೊದಲ ಮತ್ತು ಎರಡನೇ ಗೇರಿನಲ್ಲೇ ಎಳೆಯಬೇಕು, ಮೈಲೇಜ್ ಮೂರನೇ ಒಂದು ಭಾಗದಷ್ಟು ಕುಸಿದರೂ ಅಚ್ಚರಿಯಿಲ್ಲ.

ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಪೆಟ್ರೋಲ್ ಮುಗಿದು ನಿಂತವನಿಗೂ ಫೋಟೊ ತೆಗೆಯಲು ನಿಂತವನಿಗೂ ಆನೆ ಭೇದ ಮಾಡುವುದಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ, ಆದ್ದರಿಂದ ಸಂಜೆ ಏಳೂವರೆ ಎಂಟರ ಹೊತ್ತಿಗೆ ಚೆಕ್‌ಪೋಸ್ಟ್ ದಾಟುವ ಅವಸರದಲ್ಲಿ ಜನ ಬಂಕನ್ನು ಬಿಟ್ಟು ಓಡುತ್ತಾರೆ. ಕಾಡಿನ ಈಚೆಯ ಕೊನೆಯ ಊರಿನಲ್ಲಿ ಅರ್ಧ ಟ್ಯಾಂಕ್ ಇದ್ದರೂ ತುಂಬಿಸಿಕೊಳ್ಳಿ. ಹತ್ತು ನಿಮಿಷದ ವಿಷಯ.

ದೂರದ ದಾರಿ

ಎರಡು ಬಾರಿ ಮನಾಲಿಯಿಂದ ಲೇಹ್‌ಗೆ ಹೋಗಿ ಬಂದವನಾಗಿ ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಕೀಲಾಂಗ್ ತಲುಪುವ ಮುನ್ನ, ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿ ಎಂಬಲ್ಲಿ ಒಂದು ಬಂಕ್ ಇದೆ. ಮುಂದಿನ ಬಂಕ್ 365 ಕಿಲೋಮೀಟರ್ ದೂರದಲ್ಲಿದೆ ಎಂಬ ಅಲ್ಲಿನ ಫಲಕ ಸವಾರರ ನಡುವೆ ಬಹಳ ಪ್ರಸಿದ್ಧವಾದದ್ದು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದವರು ಕಡಿಮೆ. ಫೋಟೊ ತೆಗೆಸಿಕೊಂಡು ಲೆಕ್ಕ ಮಾಡದೆ ಹೊರಟವರನ್ನೂ ನೋಡಿದ್ದೇನೆ.

ನನ್ನದು ಆಗ ಹಿಮಾಲಯನ್ 411 ಬೈಕ್, ಟ್ಯಾಂಕ್ 15 ಲೀಟರ್. ಬಯಲಿನಲ್ಲಿ ಲೀಟರಿಗೆ 30 ಕೊಡುತ್ತಿದ್ದ ಗಾಡಿ ಬಾರಾಲಾಚಾ, ತಂಗ್ಲಾಂಗ್ ಕಣಿವೆಮಾರ್ಗಗಳ ಏರಿನಲ್ಲಿ, ಸಾಮಾನು ಹೇರಿಕೊಂಡು 25ಕ್ಕೆ ಇಳಿಯಿತು. 15ನ್ನು 25ರಿಂದ ಗುಣಿಸಿದರೆ 375. ಫಲಕದ ದೂರಕ್ಕೂ ಇದಕ್ಕೂ ಇರುವ ಅಂತರ ಹತ್ತೇ ಕಿಲೋಮೀಟರ್. ತಳದಲ್ಲಿ ಸಿಗದೆ ಉಳಿಯುವ ಪೆಟ್ರೋಲನ್ನು ಕಳೆದರೆ ಅದೂ ಇಲ್ಲ. ಲೇಹ್‌ಗೆ 35 ಕಿಲೋಮೀಟರ್ ಮೊದಲೇ ಕಾರೂ ಎಂಬಲ್ಲಿ ಬಂಕ್ ಸಿಗುತ್ತದೆ ನಿಜ, ಆದರೆ ಅಲ್ಲಿ ಆ ದಿನ ಪೆಟ್ರೋಲ್ ಇದ್ದೇ ಇರುತ್ತದೆಂದು ಯಾರು ಹೇಳಬೇಕು? ಎರಡು ಬಾರಿಯೂ ಐದು ಲೀಟರಿನ ಕ್ಯಾನ್ ಕಟ್ಟಿಕೊಂಡೇ ಹೋದೆ. ಒಮ್ಮೆ ಬೇಕಾಯಿತು, ಅದೂ ನನಗಲ್ಲ, ಜೊತೆಗಿದ್ದವರಿಗೆ.

ಗಾಡಿಯನ್ನು ರೈಲಿನಲ್ಲಿ ಕಳುಹಿಸುವವರು ನೆನಪಿಡಿ: ಪಾರ್ಸೆಲ್ ಕಚೇರಿಯಲ್ಲಿ ಟ್ಯಾಂಕನ್ನು ಪೂರ್ತಿ ಬರಿದು ಮಾಡಿಸುತ್ತಾರೆ. ಹಿಂದಿನ ದಿನ ಟ್ಯಾಂಕ್ ತುಂಬಿಸಿ ನಿಲ್ದಾಣಕ್ಕೆ ಹೋದ ನನ್ನ ಗೆಳೆಯನ ಪೆಟ್ರೋಲ್ ಯಾರ ಪಾಲಾಯಿತೋ ಆ ದೇವರಿಗೇ ಗೊತ್ತು.

ಡೆಲಿವರಿ ಹುಡುಗ

ಇನ್ನೊಂದು ಪ್ರಶ್ನೆ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಅದೇ 200 ರೂಪಾಯಿಗೆ ಓಡುವ ದೂರ ಕಡಿಮೆಯಾಗಿದೆ ಎಂದು ನಮ್ಮ ಹುಡುಗರೆಲ್ಲ ಹೇಳುತ್ತಾರೆ. ನಿಜವೇ, ಭ್ರಮೆಯೇ?

ಲೆಕ್ಕದ ಮೇಷ್ಟ್ರು

ಭ್ರಮೆಯಲ್ಲ, ಆದರೆ ಹೇಳುವಷ್ಟು ದೊಡ್ಡದೂ ಅಲ್ಲ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. 2021ರ ನೀತಿ ಆಯೋಗದ ವರದಿಯೇ ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಲ್ಲಿ ಶೇಕಡಾ 3ರಿಂದ 4ರಷ್ಟು ಮೈಲೇಜ್ ಇಳಿಯಬಹುದೆಂದು ಅಂದಾಜಿಸಿತ್ತು. ದಿನಕ್ಕೆ 85 ಕಿಲೋಮೀಟರ್ ಓಡುವ ನಿಮಗೆ ಅದು ಸುಮಾರು 3 ಕಿಲೋಮೀಟರ್. ಲೇಹ್ ದಾರಿಯಲ್ಲಿ ಹತ್ತು ಕಿಲೋಮೀಟರ್ ಅಂತರದಲ್ಲಿ ಲೆಕ್ಕ ಹಾಕುವವರಿಗೆ ಅದೇ ಶೇಕಡಾವಾರು ಇಡೀ ಯೋಜನೆಯನ್ನು ತಲೆಕೆಳಗು ಮಾಡುತ್ತದೆ. ಹಳೆಯ ಮೈಲೇಜನ್ನು ನೆನಪಿನಿಂದ ತೆಗೆದು ಲೆಕ್ಕ ಮಾಡುವ ಬದಲು ಈಗಿನದನ್ನು ಹೊಸದಾಗಿ ಅಳೆದುಕೊಳ್ಳುವುದು ಒಳ್ಳೆಯದು.

ತರೀಕೆರೆ ಗ್ಯಾರೇಜ್

ಮಲೆನಾಡಿನವರಿಗೆ ಎಥನಾಲಿನ ಇನ್ನೊಂದು ಮುಖ ಗೊತ್ತಿರಬೇಕು. ಅದು ನೀರನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಪೆಟ್ರೋಲಿನೊಳಗೇ ಕರಗಿ ಎಂಜಿನ್ ದಾಟಿ ಹೋಗುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಂದಾಗಿ ತಳಕ್ಕೆ ಇಳಿಯುತ್ತವೆ, ಪಂಪ್ ಮೊದಲು ಎಳೆಯುವುದು ಅದನ್ನೇ. ಜೂನ್ ಜುಲೈಯಲ್ಲಿ ನನ್ನ ಗ್ಯಾರೇಜಿಗೆ ತಳ್ಳಿಕೊಂಡು ಬರುವ ಗಾಡಿಗಳಲ್ಲಿ ಪೆಟ್ರೋಲ್ ಮುಗಿದವುಗಳಿಗಿಂತ ನೀರು ಸೇರಿದವುಗಳೇ ಹೆಚ್ಚು. ನೀರು ಬರುವುದು ಹೆಚ್ಚಾಗಿ ಮುಚ್ಚಳದ ಸುತ್ತಲಿನ ತಗ್ಗಿನಿಂದ. ಅಲ್ಲಿ ಮಳೆನೀರು ಹರಿದುಹೋಗಲು ಸಣ್ಣ ರಂಧ್ರ ಇರುತ್ತದೆ. ಅದು ಮಣ್ಣಿನಿಂದ ಮುಚ್ಚಿದರೆ ನೀರು ನಿಂತು, ಮುಚ್ಚಳ ತೆರೆದಾಗ ಒಳಗೆ ಸುರಿಯುತ್ತದೆ. ಮಳೆಗಾಲಕ್ಕೆ ಮುನ್ನ ಆ ರಂಧ್ರಕ್ಕೆ ಒಂದು ಗಾಳಿ ಊದಿಸಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಕಬ್ಬಿಣದ ಟ್ಯಾಂಕಿನ ಬರಿದಾದ ಮೇಲ್ಭಾಗಕ್ಕೇ ಮೊದಲು ತುಕ್ಕು ಹಿಡಿಯುವುದು.

ಇನ್ನೊಂದು. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ, ಮುಗಿದಂತೆ ಗಾಡಿ ಕೊಸರಿ ನಿಂತರೆ ಮುಚ್ಚಳ ತೆಗೆದು ನೋಡಿ. 'ಸುಸ್' ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಚಾಲೂ ಆದರೆ ಟ್ಯಾಂಕಿಗೆ ಉಸಿರಾಡುವ ದಾರಿ ಮುಚ್ಚಿದೆ ಎಂದರ್ಥ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಒಬ್ಬರು ಇದಕ್ಕಾಗಿ ಕಾರ್ಬ್ಯುರೇಟರನ್ನು ಮೂರು ಬಾರಿ ಬಿಚ್ಚಿಸಿಕೊಂಡು ನನ್ನ ಬಳಿಗೆ ಬಂದಿದ್ದರು.

ಹಾಸನದ ಸವಾರ

ಮೂರು ವಾರಗಳ ಮೇಲೆ ವರದಿ ಒಪ್ಪಿಸುತ್ತಿದ್ದೇನೆ. ಮೇಷ್ಟ್ರು ಹೇಳಿದಂತೆ ಡಬಲ್ ಸ್ಟ್ಯಾಂಡಿನಲ್ಲಿ ಕತ್ತಿನ ಬುಡದವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆ ಮಾಡಿ, ಆಫೀಸಿಗೂ ಊರಿಗೂ ಓಡಾಡಿದೆ. ಈ ಬಾರಿ 309ನೇ ಕಿಲೋಮೀಟರಿನಲ್ಲಿ, ಸಮತಟ್ಟಾದ ರಸ್ತೆಯಲ್ಲಿ ದೀಪ ಹೊತ್ತಿತು. ಒಂದು ಕಿಲೋಮೀಟರಿನೊಳಗೆ ಬಂಕ್ ಇತ್ತು. ಅದೇ ರೀತಿ ನಿಲ್ಲಿಸಿ, ಅದೇ ಮಟ್ಟಕ್ಕೆ ತುಂಬಿಸಿದಾಗ ಹಿಡಿದದ್ದು 9.7 ಲೀಟರ್. ಅಂದರೆ ಲೀಟರಿಗೆ ಸುಮಾರು 32, ದೀಪ ಹೊತ್ತಿದಾಗ ಉಳಿದದ್ದು 3.3 ಲೀಟರ್. 3.6ಕ್ಕಿಂತ ತುಸು ಕಡಿಮೆ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು.

ಲೆಕ್ಕದ ಮೇಷ್ಟ್ರು

ಈಗ ಆ 3.3ರಲ್ಲಿ ಅರ್ಧ ಲೀಟರನ್ನು ತಳದ ಪಾಲಿಗೆ ಬಿಟ್ಟುಬಿಡಿ. ಉಳಿದ 2.8 ಲೀಟರಿಗೆ ಘಾಟಿ, ಹಿಂಬದಿ ಸವಾರ, ಸಾಮಾನು ಎಲ್ಲ ಸೇರಿಸಿ ಲೀಟರಿಗೆ 28ರಂತೆ ಹಿಡಿದರೆ 78 ಕಿಲೋಮೀಟರ್. ದೀಪ ಹೊತ್ತಿದ ಮೇಲೆ 60 ಕಿಲೋಮೀಟರಿಗೆ ಗಡಿ ಹಾಕಿಕೊಳ್ಳಿ. ಮುಂದಿನ ಬಂಕ್ ಅದರೊಳಗೆ ಇದೆಯೆಂದು ಖಚಿತವಿಲ್ಲದಿದ್ದರೆ ಹಿಂದಿನ ಬಂಕಿಗೆ ತಿರುಗಿ. ಬಿಸಿಲೆಯಲ್ಲಿ ನೀವು ಹೋದ 59 ಕಿಲೋಮೀಟರ್ ಆ ಗಡಿಯ ಅಂಚಿನಲ್ಲಿತ್ತು, ಬಂಕ್ ಆಗ ಆರು ಕಿಲೋಮೀಟರ್ ಹಿಂದೆಯೇ ಇತ್ತು.

ಮೈಸೂರು ಯೆಜ್ಡಿ

ಮತ್ತು ಆ ಬಂಕಿನಲ್ಲಿ 'ಸ್ಟಾಕ್ ಇಲ್ಲ' ಎಂಬ ಹಲಗೆ ನೇತುಹಾಕಿರಬಹುದು, ಹಬ್ಬದ ದಿನವಾಗಿರಬಹುದು, ಕರೆಂಟ್ ಹೋಗಿರಬಹುದು. ಒಂದು ಬಂಕನ್ನು ನಂಬಿ ಹೊರಡುವವನು ಅದರ ಆಚೆಯ ಬಂಕಿಗೂ ಸಾಲುವಷ್ಟು ಇಟ್ಟುಕೊಂಡಿರಬೇಕು. ಹಳ್ಳಿ ಅಂಗಡಿಯ ಬಾಟಲಿ ಪೆಟ್ರೋಲ್ ಸಿಗುತ್ತದೆ ಎಂದು ಎಣಿಸಬೇಡಿ. ಪರವಾನಗಿ ಇಲ್ಲದೆ ಅದನ್ನು ಮಾರುವುದು ಕಾನೂನಿಗೆ ವಿರುದ್ಧ, ಒಳಗೆ ಏನು ಬೆರೆತಿದೆಯೆಂದು ಹೇಳುವವರಿಲ್ಲ.

ಹಾಸನದ ಸವಾರ

ಒಪ್ಪಿದೆ. ನಿತ್ಯದ ಓಡಾಟಕ್ಕೆ ದೀಪವೇ ಸಾಕು. ಊರು ಬಿಟ್ಟು ಹೊರಟಾಗ ಟ್ರಿಪ್ ಮೀಟರ್ 200 ದಾಟಿದ ಮೇಲೆ ಸಿಗುವ ಮೊದಲ ಒಳ್ಳೆಯ ಬಂಕಿನಲ್ಲಿ ತುಂಬಿಸುವುದೆಂದು ತೀರ್ಮಾನಿಸಿದ್ದೇನೆ, ಮುಂದೆ ಘಾಟಿಯೋ ಕಾಡೋ ಇದ್ದರೆ 200 ಆಗಿರಲಿ ಬಿಡಲಿ. ಬರುವ ತಿಂಗಳು ಅದೇ ಬಿಸಿಲೆ ದಾರಿಯಲ್ಲಿ ಮತ್ತೆ ಹೋಗುತ್ತಿದ್ದೇವೆ. ತಮ್ಮ ಈಗಲೂ "ರಿಸರ್ವ್ ಇದೆ" ಎನ್ನುತ್ತಾನೆ; ಸಕಲೇಶಪುರದ ಬಂಕಿನಲ್ಲಿ ಹಣ ಕೊಡುವ ಸರದಿ ಈ ಬಾರಿ ಅವನದು.